ಕಿಟಕಿಯಷ್ಟು ಜಾಗ ಇದ್ದರೂ ಸಕ್ಯುಲೆಂಟ್ ತೋಟ ಆಗುತ್ತದೆ

"ವಾರಕ್ಕೆ ಒಂದೇ ಸಲ ನೀರು ಹಾಕ್ತಿದ್ದೆ, ಆದ್ರೂ ಕೊಳೆತು ಹೋಯ್ತು." ಸಕ್ಯುಲೆಂಟ್ ಬಗ್ಗೆ ಓದುಗರು ಕೇಳುವುದು ಹೆಚ್ಚುಕಮ್ಮಿ ಇದನ್ನೇ. ಎರಡನೆಯದು, "ನಮ್ಮ ಮನೇಲಿ ಬಾಲ್ಕನಿ ಇಲ್ಲ, ಕಿಟಕಿ ಮಾತ್ರ ಇದೆ, ಆಗುತ್ತಾ?" ಆಗುತ್ತದೆ. ಕೊಳೆಯದ ಹಾಗೆ ನೋಡಿಕೊಳ್ಳುವುದೂ ಕಷ್ಟವಲ್ಲ. ಆದರೆ ತಪ್ಪು ಸಾಮಾನ್ಯವಾಗಿ ನೀರಿನ ಲೆಕ್ಕದಲ್ಲಿ ಇರುವುದಿಲ್ಲ, ಮಣ್ಣಿನಲ್ಲಿ ಇರುತ್ತದೆ. ಅದಕ್ಕೇ ಈ ಬರಹದಲ್ಲಿ ಮಣ್ಣಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಕ್ಯುಲೆಂಟ್ ಅಂದರೆ ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ಹೆಸರು ಹೊಸದಾದರೂ ಗಿಡಗಳು ನಮಗೆ ಹೊಸವಲ್ಲ. ಲೋಳೆಸರ, ಕಾಡುಬಸಳೆ, ಮಂಗರವಳ್ಳಿ, ಪಾಪಸುಕಳ್ಳಿ, ಹೊಲದ ಬೇಲಿಯ ಕತ್ತಾಳೆ ಎಲ್ಲ ಇದೇ ಗುಂಪಿಗೆ ಸೇರುತ್ತವೆ. ನರ್ಸರಿಯಲ್ಲಿ ಚಿಕ್ಕ ಚಿಕ್ಕ ಕುಂಡದಲ್ಲಿ ಸಿಗುವ ಅಲಂಕಾರದ ಗಿಡಗಳು ಮಾತ್ರ ಹೆಚ್ಚಾಗಿ ದಕ್ಷಿಣ ಆಫ್ರಿಕಾ ಮತ್ತು ಮೆಕ್ಸಿಕೋ ಮೂಲದವು. ಅಲ್ಲಿ ಮಳೆ ಕಮ್ಮಿ, ನೆಲದಲ್ಲಿ ಕಲ್ಲು ಜಾಸ್ತಿ. ನಮ್ಮಲ್ಲಿ ಅವಕ್ಕೆ ಕಷ್ಟವಾಗುವುದು ಬೇಸಿಗೆಗಿಂತ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ ಮತ್ತು ತೇವ.

ಮೊದಲು ಬೇಕಾದ ಸಾಮಾನು: ತಳದಲ್ಲಿ ತೂತಿರುವ, 10 ಇಂಚು ಅಗಲ, 4 ಇಂಚು ಆಳದ ಒಂದು ಮಣ್ಣಿನ ಬಟ್ಟಲು. ಸುಮಾರು 5 ಲೀಟರ್ ಮಣ್ಣಿನ ಮಿಶ್ರಣ. ಐದಾರು ಚಿಕ್ಕ ಗಿಡ. ಒಂದು ಜರಡಿ, ಹಳೆ ಚಮಚ, ಹಳೆ ಟೂತ್‌ಬ್ರಷ್, ತೂತಿಗೆ ಮುಚ್ಚಲು ಸೊಳ್ಳೆ ಪರದೆಯ ತುಂಡು. ಉರಿದು ಮುಗಿದ ಅಗರಬತ್ತಿಯ ಕಡ್ಡಿಗಳನ್ನು ಎಸೆಯಬೇಡಿ, ಅವೂ ಬೇಕಾಗುತ್ತವೆ.

1. ಗಿಡ ಕೊಳ್ಳುವ ಮೊದಲು ಬಿಸಿಲು ನೋಡಿ

ಒಂದು ರಜಾ ದಿನ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಆ ಜಾಗಕ್ಕೆ ಹೋಗಿ ನೋಡಿ. ನೇರ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಎಲ್ಲಿ ಬೀಳುತ್ತದೆ ಅಂತ ಬರೆದುಕೊಳ್ಳಿ. ಸುಮ್ನೆ "ಬೆಳಕು ಚೆನ್ನಾಗಿದೆ" ಅಂದುಕೊಂಡರೆ ಸಾಲದು. ನಮ್ಮ ಕಣ್ಣಿಗೆ ಬೆಳಕು ಅನಿಸುವ ಹಾಲ್‌ನ ಮೂಲೆ ಗಿಡಕ್ಕೆ ಕತ್ತಲೆಯೇ.

ಇಲ್ಲೊಂದು ವಿಷಯ ಗಮನಿಸಿ. ಹೊರದೇಶದ ಪುಸ್ತಕ, ವಿಡಿಯೊಗಳು "ದಕ್ಷಿಣದ ಕಿಟಕಿಯಲ್ಲಿಡಿ" ಅನ್ನುತ್ತವೆ. ಅದು ಅವರ ಊರಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ ಮಧ್ಯದವರೆಗೂ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅಷ್ಟು ದಿನ ದಕ್ಷಿಣದ ಬಾಲ್ಕನಿ ನೆರಳಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಬಾಲ್ಕನಿಯ ಒಳಗೋಡೆಗೂ ಬಿಸಿಲು ತಾಗುತ್ತದೆ. ಹಾಗಾಗಿ ಬಟ್ಟಲು ವರ್ಷಪೂರ್ತಿ ಒಂದೇ ಕಡೆ ಇರಬೇಕು ಅಂತ ಹಟ ಬೇಡ. ಆಯ್ಕೆ ಇದ್ದರೆ ಪೂರ್ವ ದಿಕ್ಕು ಒಳ್ಳೆಯದು. ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು ಸಿಕ್ಕಿ, ಮಧ್ಯಾಹ್ನದ ಉರಿ ತಪ್ಪುತ್ತದೆ.

2. ಬಿಸಿಲಿಗೆ ತಕ್ಕ ಗಿಡ ಆರಿಸಿ

ನೇರ ಬಿಸಿಲೇ ಇಲ್ಲ, ಆದರೆ ಕಿಟಕಿಯ ಪಕ್ಕ ಬೆಳಕಿದೆ ಅನ್ನುವವರು ಹಾವರ್ತಿಯಾ, ಗ್ಯಾಸ್ಟೇರಿಯಾ, ಸ್ನೇಕ್ ಪ್ಲಾಂಟ್ ತನ್ನಿ. ಇವು ಮೂರೂ ಗಟ್ಟಿ ಜೀವ. ಬೆಳಗಿನ ಬಿಸಿಲು ಬೀಳುವಲ್ಲಿ ಜೇಡ್, ಘೋಸ್ಟ್ ಪ್ಲಾಂಟ್ ಅನ್ನುವ ಬೂದುಬಣ್ಣದ ಗ್ರಾಪ್ಟೋಪೆಟಾಲಮ್, ಕಲಾಂಚೊ, ಸೆಡಮ್ ಬರುತ್ತವೆ. ಐದಾರು ಗಂಟೆ ಬಿಸಿಲು ಇದ್ದರೆ ಲೋಳೆಸರ, ಅಡೀನಿಯಂ, ಕಳ್ಳಿಗಳು, ಹತ್ತು ಗಂಟೆ ಹೂವು.

ಗುಲಾಬಿಯಂತೆ ಸುತ್ತು ಸುತ್ತಾಗಿ ಎಲೆ ಜೋಡಿಸಿಕೊಂಡ ಎಚೆವೆರಿಯಾ ಎಲ್ಲರಿಗೂ ಬೇಕು. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನ ಹವೆಯಲ್ಲಿ ಅದನ್ನು ಉಳಿಸಿಕೊಳ್ಳಬಹುದು. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಅಥವಾ ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದು ಬಹಳ ಒದ್ದಾಡುತ್ತದೆ. ಮೊದಲ ಬಟ್ಟಲಿಗೆ ಅದನ್ನು ಬಿಟ್ಟುಬಿಡಿ ಅಂತಲೇ ನಾನು ಹೇಳುವುದು.

"ಜೇಡ್" ಅಂತ ಕೇಳಿದರೆ ನಮ್ಮ ನರ್ಸರಿಗಳಲ್ಲಿ ಬಹಳಷ್ಟು ಸಲ ಕೊಡುವುದು ಜೇಡ್ ಅಲ್ಲ, ಪೋರ್ಚುಲಕಾರಿಯಾ ಅನ್ನುವ ಬೇರೆ ಗಿಡ. ಎಲೆ ಉಗುರಿನಷ್ಟು ಚಿಕ್ಕದಿದ್ದು, ಎಳೆ ಕಾಂಡ ಕೆಂಪು ಕಂದು ಇದ್ದರೆ ಅದು ಪೋರ್ಚುಲಕಾರಿಯಾ. ನಿಜವಾದ ಜೇಡ್‌ನ ಎಲೆ ಒಂದೆರಡು ಇಂಚು ಉದ್ದ, ಎಳೆ ಕಾಂಡ ಹಸಿರು, ದಪ್ಪ. ಆದರೆ ಬೇಜಾರು ಬೇಡ. ನಮ್ಮ ಬಿಸಿಲು ಮಳೆಗೆ ಪೋರ್ಚುಲಕಾರಿಯಾ ಜೇಡ್‌ಗಿಂತ ಚೆನ್ನಾಗಿ ತಡೆಯುತ್ತದೆ. ಗೊತ್ತಿದ್ದೇ ಕೇಳಿ ತನ್ನಿ.

ಕೊಳ್ಳುವಾಗ ಕಣ್ಣಿಗೆ ಬೀಳುವ ಬಣ್ಣಗಳ ಬಗ್ಗೆ ಹುಷಾರು. ನೀಲಿ, ಗಾಢ ಗುಲಾಬಿ ಬಣ್ಣ ಹಚ್ಚಿದ ಗಿಡಗಳು ಬರುತ್ತಿವೆ. ಆ ಬಣ್ಣ ಎಲೆಗೆ ಬೆಳಕು ಸೇರದಂತೆ ತಡೆಯುತ್ತದೆ. ಕಳ್ಳಿಯ ನೆತ್ತಿಗೆ ಒಣಹೂ ಅಂಟಿಸಿ ಮಾರುವುದೂ ಇದೆ. ಕೆಂಪು ಅಥವಾ ಹಳದಿ ಚೆಂಡು ತಲೆಯ ಮೂನ್ ಕ್ಯಾಕ್ಟಸ್‌ಗೆ ಬಣ್ಣ ಹಚ್ಚಿರುವುದಿಲ್ಲ, ಅದು ಕಸಿ. ಮೇಲಿನ ಚೆಂಡಿನಲ್ಲಿ ಹಸಿರು ಅಂಶವೇ ಇಲ್ಲ, ಕೆಳಗಿನ ಹಸಿರು ಕಳ್ಳಿ ಅದಕ್ಕೆ ಊಟ ಹಾಕುತ್ತದೆ. ಸಾಮಾನ್ಯವಾಗಿ ಕೆಲವು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಸತ್ತರೆ ನಿಮ್ಮ ತಪ್ಪು ಅಂದುಕೊಳ್ಳಬೇಡಿ.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕಲಾಂಚೊ ಮತ್ತು ಜೇಡ್ ಬೇಡ, ತಿಂದರೆ ವಿಷ. ನಮ್ಮ ಕಾಡುಬಸಳೆಯೂ ಕಲಾಂಚೊ ಕುಲದ್ದೇ. ಹಾವರ್ತಿಯಾ, ಎಚೆವೆರಿಯಾದಿಂದ ಅಪಾಯವಿಲ್ಲ. ಹಾಲು ಸುರಿಸುವ ಕಳ್ಳಿಗಳನ್ನು, ಅಂದರೆ ಯುಫೋರ್ಬಿಯಾಗಳನ್ನು, ಕತ್ತರಿಸುವಾಗ ಕೈಗವಸು ಹಾಕಿ. ಆ ಹಾಲು ಕಣ್ಣಿಗೆ ಬಿದ್ದರೆ ತುಂಬಾ ತೊಂದರೆ.

ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನದಿಂದ ಗಿಡ ತರುವವರಿಗೆ ಒಂದು ಮಾತು. ಜನವರಿಯಲ್ಲಿ ತಂದರೆ ಗಿಡ ಬೇರು ಬಿಡಲು ನಾಲ್ಕು ತಿಂಗಳು ಒಣ ಹವೆ ಸಿಗುತ್ತದೆ. ಆಗಸ್ಟ್‌ನಲ್ಲಿ ತಂದರೆ ಮಳೆ ನಿಲ್ಲುವವರೆಗೆ ಅದೇ ಕುಂಡದಲ್ಲಿ ಸೂರಿನಡಿ ಇಟ್ಟು, ಆಮೇಲೆ ನೆಡುವುದು ವಾಸಿ.

3. ಬಟ್ಟಲಿಗೆ ತೂತು ಇರಲೇಬೇಕು

ಗಾಜಿನ ಜಾಡಿ, ಟೀ ಕಪ್, ಹಿತ್ತಾಳೆ ಉರುಳಿ ಇವೆಲ್ಲ ಫೋಟೊಗೆ ಚೆಂದ. ತೂತಿಲ್ಲದ ಪಾತ್ರೆಯಲ್ಲಿ ನೀರು ಹೋಗಲು ದಾರಿಯಿಲ್ಲ. ಮುಚ್ಚಳ ಇರುವ ಗಾಜಿನ ಟೆರೇರಿಯಂ ಜರೀಗಿಡ, ಪಾಚಿಗೆ ಸರಿ, ಸಕ್ಯುಲೆಂಟ್‌ಗೆ ಅಲ್ಲವೇ ಅಲ್ಲ. ಪಿಂಗಾಣಿ ಬಟ್ಟಲೇ ಬೇಕು ಅಂದರೆ ಡೈಮಂಡ್ ಬಿಟ್ ಹಾಕಿದ ಡ್ರಿಲ್‌ನಿಂದ, ಜಾಗಕ್ಕೆ ನೀರು ಬಿಡುತ್ತಾ, ಒತ್ತದೆ ನಿಧಾನವಾಗಿ ತೂತು ಮಾಡಿ. ಇಲ್ಲವಾದರೆ ಗಿಡವನ್ನು ತೂತಿನ ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಆ ಕುಂಡವನ್ನು ಚೆಂದದ ಪಾತ್ರೆಯೊಳಗೆ ಇಳಿಸಿ. ನೀರು ಹಾಕುವಾಗ ಹೊರಗೆ ತೆಗೆದರಾಯಿತು.

"ತೂತಿಲ್ಲದಿದ್ದರೇನು, ತಳಕ್ಕೆ ಜಲ್ಲಿ ಹಾಕ್ತೀವಿ" ಅನ್ನುವವರು ಬಹಳ. ಇದು ಕೆಲಸ ಮಾಡುವುದಿಲ್ಲ. ನೀರು ಮಣ್ಣಿನ ಸಣ್ಣ ಸಂದುಗಳಿಂದ ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ತಳದ ಜಲ್ಲಿಯಿಂದ ಆಗುವುದೇನೆಂದರೆ ಆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಕಲ್ಲನ್ನು ತಳಕ್ಕೆ ಸುರಿಯುವ ಬದಲು ಇಡೀ ಮಣ್ಣಿಗೆ ಬೆರೆಸಬೇಕು.

ಬಾಲ್ಕನಿ ಇಲ್ಲದವರು ಕಿಟಕಿಯ ಗ್ರಿಲ್‌ಗೆ ಪೈಪ್ ತೋಟ ಮಾಡಬಹುದು. 4 ಇಂಚಿನ ಪಿವಿಸಿ ಪೈಪ್ 2 ಅಡಿ ಉದ್ದ ತನ್ನಿ. ಎರಡೂ ತುದಿಗೆ ಮುಚ್ಚಳ ಹಾಕಿ. ಮೇಲ್ಭಾಗದಲ್ಲಿ 3 ಇಂಚು ಅಗಲಕ್ಕೆ ಉದ್ದನೆಯ ಕಿಂಡಿ ಕೊಯ್ಯಿರಿ, ಕೆಳಗೆ ನಾಲ್ಕು ನಾಲ್ಕು ಇಂಚಿಗೊಂದು 8 ಮಿಲಿಮೀಟರ್ ತೂತು. ತುಂಬಿಸಿ ನೀರು ಹಾಕಿದ ಮೇಲೆ ಇದು ಸುಮಾರು 6–7 ಕಿಲೋ ತೂಗುತ್ತದೆ. ದಾರ ಬೇಡ, ಜಿಐ ತಂತಿಯಿಂದ (ಸತು ಲೇಪಿಸಿದ ಕಬ್ಬಿಣದ ತಂತಿ) ಎರಡು ಕಡೆ ಬಿಗಿಯಿರಿ, ಅದೂ ಗ್ರಿಲ್‌ನ ಒಳಬದಿಗೆ. ಮೇಲಿನ ಮಹಡಿಯಿಂದ ಕುಂಡ ಬಿದ್ದರೆ ಕೆಳಗೆ ನಡೆಯುವವರ ಗತಿ ಏನು, ಅಲ್ವಾ?

4. ಮಣ್ಣು: ಇಡೀ ಕೆಲಸ ನಿಂತಿರುವುದು ಇಲ್ಲಿ

ನರ್ಸರಿಯಲ್ಲಿ ಸಿಗುವ ಮಾಮೂಲಿ "ಪಾಟಿಂಗ್ ಮಿಕ್ಸ್"ನಲ್ಲಿ ಕೆಂಪು ಮಣ್ಣು, ಗೊಬ್ಬರ, ಕೊಕೊಪೀಟ್ ಇರುತ್ತದೆ. ಕೊಕೊಪೀಟ್ ಅಂದರೆ ತೆಂಗಿನ ನಾರಿನ ಪುಡಿ. ಅದರ ಕೆಲಸವೇ ನೀರು ಹಿಡಿದಿಡುವುದು. ಕೆಂಪು ಮಣ್ಣೊಂದೇ ಆದರೆ ನಾಲ್ಕು ಸಲ ನೀರು ಬಿದ್ದ ಮೇಲೆ ಗಟ್ಟಿ ಕೂತುಬಿಡುತ್ತದೆ. ಎರಡೂ ನಮಗೆ ಬೇಡ.

ನನ್ನ ಅಳತೆ ಹೀಗೆ: ಜರಡಿ ಹಿಡಿದ ಕೆಂಪು ಮಣ್ಣು 1 ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಎಲೆಗೊಬ್ಬರ 1 ಪಾಲು, ಗಟ್ಟಿ ಚೂರು 3 ಪಾಲು. ಕರಾವಳಿ, ಮಲೆನಾಡಿನವರು ಗಟ್ಟಿ ಚೂರನ್ನು 4 ಪಾಲು ಮಾಡಿ. 5 ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸಾಕು.

ಗಟ್ಟಿ ಚೂರು ಅಂದರೆ ನೀರಲ್ಲಿ ಕರಗದ, ನೆನೆದು ಮೆತ್ತಗಾಗದ ಯಾವುದಾದರೂ ಆಗಬಹುದು. ಪರ್ಲೈಟ್, ಪ್ಯೂಮಿಸ್ ಅಂತ ಹಗುರ ಕಲ್ಲುಗಳು ಅಂಗಡಿಯಲ್ಲಿ ಸಿಗುತ್ತವೆ. ತೂಕದ ಚಿಂತೆ ಇರುವ ಪೈಪ್ ತೋಟಕ್ಕೆ ಅದನ್ನೇ ಕೊಳ್ಳಿ. ಬಟ್ಟಲಿಗೆ ಇಟ್ಟಿಗೆ ಚೂರು ಧಾರಾಳ ಸಾಕು. ಮನೆ ಕಟ್ಟುವಲ್ಲಿ ಮುರಿದ ಇಟ್ಟಿಗೆ ಕೇಳಿದರೆ ಸುಮ್ನೆ ಕೊಡುತ್ತಾರೆ. ಸಿಮೆಂಟ್ ಮೆತ್ತಿದ್ದು ಬೇಡ, ಅದರ ಸುಣ್ಣದಂಶ ಮಣ್ಣಿಗೆ ಸೇರುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಬೇಡ, ಸುಟ್ಟ ಮಣ್ಣಿನ ಇಟ್ಟಿಗೆಯೇ ಆಗಬೇಕು. ಗೋಣಿಚೀಲದೊಳಗೆ ಹಾಕಿ ಸುತ್ತಿಗೆಯಿಂದ ಕುಟ್ಟಿ. ಚೀಲದೊಳಗೆ ಕುಟ್ಟಿದರೆ ಚೂರು ಕಣ್ಣಿಗೆ ಸಿಡಿಯುವುದಿಲ್ಲ. ಆಮೇಲೆ ಎರಡು ಸಲ ಜರಡಿ ಹಿಡಿಯಿರಿ. ತೊಗರಿಬೇಳೆಗಿಂತ ಚಿಕ್ಕದು ಬೇಡ, ಕಡಲೆಕಾಳಿಗಿಂತ ದೊಡ್ಡದೂ ಬೇಡ. ಕೆಳಗೆ ಬಿದ್ದ ಕೆಂಪು ಹುಡಿಯನ್ನು "ಇರ್ಲಿ ಬಿಡು" ಅಂತ ಸೇರಿಸಬೇಡಿ. ನೀರು ಕಟ್ಟಿಸುವುದೇ ಆ ಹುಡಿ.

ಮರಳು ಹಾಕುವುದಾದರೆ ದಪ್ಪ ಕಾಳಿನದು. ಈಗ ಎಲ್ಲ ಕಡೆ ಸಿಗುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಅದರಲ್ಲಿ ನಯವಾದ ಹಿಟ್ಟು ತುಂಬಾ ಇರುತ್ತದೆ. ಬಕೆಟ್‌ಗೆ ಹಾಕಿ, ನೀರು ತುಂಬಿಸಿ ಕಲಕಿ, ಬೂದು ನೀರು ಚೆಲ್ಲಿ. ತಿಳಿ ನೀರು ಬರುವವರೆಗೂ ತೊಳೆಯಬೇಕು. ಸಮುದ್ರದ ಮರಳಂತೂ ಮುಟ್ಟಲೇಬೇಡಿ, ಉಪ್ಪು.

ಬೆರೆಸಿದ ಮೇಲೆ ಒಂದು ಪರೀಕ್ಷೆ ಇದೆ. ಮಿಶ್ರಣಕ್ಕೆ ಸ್ವಲ್ಪ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಕೈ ಬಿಡಿಸಿ. ಉಂಡೆ ಹಾಗೇ ನಿಂತರೆ ಇನ್ನೂ ಚೂರು ಬೇಕು. ಬೆರಳು ಬಿಚ್ಚುತ್ತಲೇ ಉದುರಿಹೋದರೆ ಸರಿಯಾಗಿದೆ.

5. ತಂದ ಗಿಡದ ಬೇರು ಬಿಡಿಸಿ

ನರ್ಸರಿಯ ಕುಂಡದಿಂದ ಗಿಡ ತೆಗೆದಾಗ ಬೇರಿನ ಸುತ್ತ ಕೊಕೊಪೀಟ್ ಉಂಡೆ ಅಂಟಿರುತ್ತದೆ. ಮೇಲೆ ಕಲ್ಲು ಅಂಟಿಸಿದ್ದರೆ ಅದನ್ನೂ ಎಬ್ಬಿಸಿ. ಒಣಗಿದ ಮೇಲೆ ಉಂಡೆಯನ್ನು ಬೆರಳಿಂದ, ಟೂತ್‌ಬ್ರಷ್‌ನಿಂದ ಮೆಲ್ಲಗೆ ಬಿಡಿಸಿ. ಉಂಡೆಯನ್ನು ಹಾಗೇ ನೆಟ್ಟರೆ ಸುತ್ತಲಿನ ಒಳ್ಳೆ ಮಣ್ಣು ಒಣಗಿದರೂ ಬೇರಿನ ನಡುವೆ ಒದ್ದೆ ಉಳಿಯುತ್ತದೆ. ಹೊರಗಿಂದ ಗೊತ್ತೇ ಆಗುವುದಿಲ್ಲ.

ಬೇರಿನಲ್ಲಿ ಬಿಳಿ ಹಿಟ್ಟಿನ ಚುಕ್ಕೆ ಕಂಡರೆ ಹಿಟ್ಟು ತಿಗಣೆ ಇದೆ ಅಂತ ಅರ್ಥ. ಪರ್ಲೈಟ್ ಚೂರೂ ಬಿಳಿಯೇ, ಆದರೆ ಅದು ಕೈಗೆ ಗಟ್ಟಿ ಸಿಗುತ್ತದೆ. ತಿಗಣೆ ಒತ್ತಿದರೆ ಮೆತ್ತಗೆ ಅಂಟುತ್ತದೆ. ಅಂಥ ಬೇರನ್ನು ನಲ್ಲಿ ಕೆಳಗೆ ತೊಳೆದು, ಕೆಟ್ಟ ಬೇರು ಕತ್ತರಿಸಿ. ಕಂದು ಬಣ್ಣದ, ಎಳೆದರೆ ಸಿಪ್ಪೆ ಜಾರುವ ಬೇರು ಸತ್ತದ್ದು. ಗಿಡವನ್ನು ನೆರಳಲ್ಲಿ, ಕಾಗದದ ಮೇಲೆ ಮೂರು ದಿನ ಹಾಗೇ ಒಣಗಲು ಬಿಡಿ. ಗಾಬರಿ ಬೇಡ, ಎಲೆಯಲ್ಲಿ ನೀರಿರುತ್ತದೆ.

6. ನೆಡುವುದು

ತೂತಿಗೆ ಪರದೆ ತುಂಡು ಹಾಕಿ, ಮುಕ್ಕಾಲು ಭಾಗ ಒಣ ಮಿಶ್ರಣ ತುಂಬಿಸಿ. ಒದ್ದೆ ಮಣ್ಣಲ್ಲಿ ನೆಡಬೇಡಿ. ಎತ್ತರದ ಗಿಡ ಹಿಂದೆ ಅಥವಾ ನಡುವೆ, ಗಿಡ್ಡದು ಮುಂದೆ, ಇಳಿಬೀಳುವ ಸೆಡಮ್ ಅಂಚಿಗೆ. ಗಿಡಗಳ ನಡುವೆ ಎರಡು ಬೆರಳು ಜಾಗ ಬಿಡಿ. ಅಂಗಡಿಯ ಬಟ್ಟಲುಗಳಲ್ಲಿ ಒತ್ತೊತ್ತಾಗಿ ತುರುಕಿರುವುದು ಅಂದೇ ಮಾರಾಟವಾಗಲಿ ಅಂತ. ಗಾಳಿಯಾಡದಿದ್ದರೆ ಒಂದು ಎಲೆ ಕೊಳೆತರೆ ಪಕ್ಕದ್ದಕ್ಕೂ ಅಂಟುತ್ತದೆ.

ಇದಕ್ಕಿಂತ ದೊಡ್ಡ ತಪ್ಪು, ಬೇರೆ ಬೇರೆ ಪ್ರಮಾಣದ ಬಿಸಿಲು ಬೇಕಾದ ಗಿಡಗಳನ್ನು ಒಂದೇ ಬಟ್ಟಲಿಗೆ ಹಾಕುವುದು. ಹಾವರ್ತಿಯಾದ ಪಕ್ಕ ಕಳ್ಳಿ ನೆಟ್ಟರೆ ಒಂದಕ್ಕೆ ನೆರಳು, ಇನ್ನೊಂದಕ್ಕೆ ಬಿಸಿಲು ಬೇಕು. ಯಾವುದಾದರೊಂದು ಸೋಲುತ್ತದೆ. ಒಂದು ಬಟ್ಟಲಿಗೆ ಮೇಲೆ ಹೇಳಿದ ಮೂರು ಗುಂಪಿನಲ್ಲಿ ಒಂದೇ ಗುಂಪು. ಹಾವರ್ತಿಯಾ, ಗ್ಯಾಸ್ಟೇರಿಯಾ ಜೋಡಿ ಕಿಟಕಿಗೆ ಚೆನ್ನ. ಪೋರ್ಚುಲಕಾರಿಯಾ, ಘೋಸ್ಟ್ ಪ್ಲಾಂಟ್, ಸೆಡಮ್ ಸೇರಿಸಿದರೆ ಪೂರ್ವದ ಬಾಲ್ಕನಿಗೆ ತುಂಬಾ ಚೆನ್ನ.

ಬೇರು ಶುರುವಾಗುವ ಜಾಗ ಮಣ್ಣಿನ ಮಟ್ಟಕ್ಕೆ ಬರಲಿ, ಕೆಳಗಿನ ಎಲೆಗಳು ಮಣ್ಣಿಗೆ ತಾಗದಿರಲಿ. ಅಂಚಿಂದ ಅರ್ಧ ಇಂಚು ಕೆಳಗೆ ಮಣ್ಣು ನಿಲ್ಲಿಸಿ, ಮೇಲೆ ತೆಳುವಾಗಿ ಇಟ್ಟಿಗೆ ಚೂರು ಹರಡಿ. ಘೋಸ್ಟ್ ಪ್ಲಾಂಟ್, ಎಚೆವೆರಿಯಾದ ಎಲೆ ಮೇಲಿನ ಬೂದಿಯಂಥ ಪುಡಿಯನ್ನು ಧೂಳು ಅಂತ ಒರೆಸಬೇಡಿ. ಅದು ಗಿಡವೇ ಮಾಡಿಕೊಂಡ ಮೇಣ, ಬಿಸಿಲಿಂದ ಕಾಪಾಡುತ್ತದೆ. ಒರೆಸಿದರೆ ಆ ಎಲೆಯ ಮೇಲೆ ಮತ್ತೆ ಮೊದಲಿನ ಹಾಗೆ ಬರುವುದಿಲ್ಲ.

ನೆಟ್ಟ ಮೇಲೆ ನಾಲ್ಕೈದು ದಿನ ನೀರು ಹಾಕಬೇಡಿ. ಗಾಯವಾದ ಬೇರು ಒಣಗಿ ಮುಚ್ಚಿಕೊಳ್ಳಬೇಕು. ಒಂದು ವಾರ ನೆರಳಲ್ಲಿಟ್ಟು, ಆಮೇಲೆ ದಿನಕ್ಕೊಂದು ಗಂಟೆಯಂತೆ ಬಿಸಿಲು ಹೆಚ್ಚಿಸಿ. ನರ್ಸರಿಯ ಹಸಿರು ಪರದೆಯಡಿ ಬೆಳೆದ ಗಿಡವನ್ನು ಏಕಾಏಕಿ ಏಪ್ರಿಲ್ ಬಿಸಿಲಿಗಿಟ್ಟರೆ ಎಲೆ ಸುಟ್ಟು ಕಂದು ಕಲೆ ಉಳಿಯುತ್ತದೆ.

7. ನೀರು: ದಿನ ಎಣಿಸಬೇಡಿ, ಕಡ್ಡಿ ಚುಚ್ಚಿ

ಇಲ್ಲಿಗೆ ಅಗರಬತ್ತಿ ಕಡ್ಡಿ. ಬಟ್ಟಲಿನ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಯ ಬಣ್ಣ ಗಾಢವಾಗಿದ್ದರೆ, ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ತಳದಲ್ಲಿ ಇನ್ನೂ ನೀರಿದೆ. ಪೂರ್ತಿ ಒಣಗಿದ ಮೇಲೆ, ಕೆಳಗಿನ ತೂತಿಂದ ಹರಿಯುವಷ್ಟು ಧಾರಾಳ ಹಾಕಿ. ದಿನಾ ಒಂದೆರಡು ಚಮಚ ಹಾಕುವುದು, ಸ್ಪ್ರೇ ಹೊಡೆಯುವುದು ಎರಡೂ ಬೇಡ. ಮೇಲ್ಮಣ್ಣು ಮಾತ್ರ ಒದ್ದೆಯಾಗಿ, ಬೇರು ಕೆಳಗಿಳಿಯುವುದೇ ಇಲ್ಲ.

ಅಂದಾಜಿಗೆ ಹೇಳುವುದಾದರೆ ಬೆಂಗಳೂರಿನ ಹವೆಯಲ್ಲಿ ಬೇಸಿಗೆಗೆ ವಾರಕ್ಕೊಮ್ಮೆ, ಚಳಿಗಾಲಕ್ಕೆ 10–12 ದಿನಕ್ಕೊಮ್ಮೆ, ಮಳೆಗಾಲದಲ್ಲಿ ಸೂರಿನಡಿ 15–20 ದಿನಕ್ಕೊಮ್ಮೆ. ಕಡ್ಡಿ ಬೇರೆ ಹೇಳಿದರೆ ಕಡ್ಡಿಯನ್ನೇ ನಂಬಿ. ಬೇಸಿಗೆಯಲ್ಲಿ ಸಂಜೆ ಹಾಕುವುದು ಒಳ್ಳೆಯದು. ಬಹುತೇಕ ಸಕ್ಯುಲೆಂಟ್‌ಗಳು ಉಸಿರಾಡುವ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತವೆ, ಹಗಲಿನ ಉರಿಯಲ್ಲಿ ನೀರು ಕಳೆದುಕೊಳ್ಳಬಾರದು ಅಂತ.

ಎಲೆಯೂ ಹೇಳುತ್ತದೆ. ಕೆಳಗಿನ ಎಲೆ ಸುಕ್ಕಾಗಿ, ಮೆತ್ತಗಾಗಿ, ಬಣ್ಣ ಹಾಗೇ ಇದ್ದರೆ ಬಾಯಾರಿದೆ. ಎಲೆ ಹಳದಿಯಾಗಿ, ಬೆಳಕು ಆರಪಾರು ಕಾಣುವಂತಾಗಿ, ಮುಟ್ಟಿದರೆ ಉದುರಿದರೆ ನೀರು ಜಾಸ್ತಿಯಾಗಿದೆ. ಈ ಎರಡನ್ನೂ ಒಂದೇ ಅಂತ ತಿಳಿದು ಕೊಳೆಯುವ ಗಿಡಕ್ಕೆ ಮತ್ತೆ ನೀರು ಹಾಕುವವರೇ ಹೆಚ್ಚು.

ಮನೆಯ ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ, ನೆಲ ಒರೆಸಲು ಬಳಸಿ. ಅದರಲ್ಲಿ ಲವಣ ಸೇರಿ ಸೇರಿ ಗಾಢವಾಗಿರುತ್ತದೆ. ಚಿಕ್ಕ ಬಟ್ಟಲಿನ ಮಣ್ಣಿನಲ್ಲಿ ಅದು ಕೂತು ಬಿಳಿ ಪದರ ಕಟ್ಟುತ್ತದೆ. ಬೋರ್‌ವೆಲ್ ನೀರೇ ಗತಿ ಅನ್ನುವವರು ಮಳೆ ನೀರನ್ನು ನಾಲ್ಕು ಬಾಟಲಿ ಹಿಡಿದಿಟ್ಟು ಮಧ್ಯೆ ಮಧ್ಯೆ ಅದನ್ನೂ ಹಾಕಿ.

ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅವತ್ತೇ ಚೆಲ್ಲಿ. ಬೇರಿಗಷ್ಟೇ ಅಲ್ಲ, ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ಕಡೆಯೇ.

8. ಮಳೆಗಾಲ ಮತ್ತು ಹುಳ

ಮೇ ಕೊನೆಯಲ್ಲೇ ಬಟ್ಟಲನ್ನು ಎರಚಲು ಹೊಡೆಯದ ಕಡೆಗೆ ಸರಿಸಿ. ಗೋಡೆಗೆ ಒತ್ತಿ ಇಡದೆ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಜಾಗ ಇಲ್ಲದಿದ್ದರೆ ಪಾರದರ್ಶಕ ಶೀಟ್ ಓರೆಯಾಗಿ ಕಟ್ಟಿ, ಪಕ್ಕಗಳು ತೆರೆದಿರಲಿ. ಈ ತಿಂಗಳುಗಳಲ್ಲಿ ಗೊಬ್ಬರ ಬೇಡ, ಮರುನಾಟಿ ಬೇಡ. ಮೋಡ ಕವಿದು ಬಿಸಿಲಿಲ್ಲದೆ ಗಿಡ ಎಲೆಗಳ ನಡುವೆ ಅಂತರ ಬಿಟ್ಟು ಉದ್ದ ಎಳೆದುಕೊಂಡರೆ ಅದು ಮತ್ತೆ ಗಿಡ್ಡವಾಗುವುದಿಲ್ಲ. ಮಳೆ ಮುಗಿದ ಮೇಲೆ ತಲೆ ಕತ್ತರಿಸಿ ಹೊಸದಾಗಿ ನೆಡಬಹುದು.

ಕಾಂಡದ ಬುಡ ಕಪ್ಪಾಗಿ ಮೆತ್ತಗಾದರೆ ಕಾಯಬೇಡಿ. ಕಪ್ಪು ಮುಗಿದು ಶುದ್ಧ ಹಸಿರು ಕಾಣುವವರೆಗೆ ಹರಿತ ಬ್ಲೇಡ್‌ನಿಂದ ಕತ್ತರಿಸುತ್ತಾ ಹೋಗಿ. ಪ್ರತಿ ಸಲವೂ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ. ಉಳಿದ ತುದಿಯನ್ನು ಐದಾರು ದಿನ ಒಣಗಿಸಿ ನೆಟ್ಟರೆ ಗಿಡ ಉಳಿಯುವ ಸಾಧ್ಯತೆ ಇದೆ.

ಇರುವೆ ಸಾಲು ಕಂಡರೆ ಎಲೆಯ ಸಂದಿ ನೋಡಿ. ಹಿಟ್ಟು ತಿಗಣೆ ಒಸರುವ ಸಿಹಿಗೆ ಇರುವೆ ಬರುತ್ತದೆ, ತಿಗಣೆಯನ್ನು ಕಾಯುತ್ತದೆ ಕೂಡ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಕ್ಕೂ ತಾಗಿಸಿ. ಸಂಜೆ ಮಾಡಿ, ಬಿಸಿಲಲ್ಲಿ ಬೇಡ. ವಾರದ ನಂತರ ಮತ್ತೊಮ್ಮೆ ಮಾಡಲೇಬೇಕು, ಮೊಟ್ಟೆ ಉಳಿದಿರುತ್ತವೆ. ಬೇವಿನ ಎಣ್ಣೆ ಜೇಡ್, ಹಾವರ್ತಿಯಾಗೆ ಆಗುತ್ತದೆ. ಬೂದಿ ಪುಡಿ ಇರುವ ಎಲೆಗೆ ಬೇಡ, ಮೇಣ ಹೋಗುತ್ತದೆ.

9. ಹೊಸ ಬಟ್ಟಲಿಗೆ ಗಿಡ ಕೊಳ್ಳಬೇಕಿಲ್ಲ

ಕಾಡುಬಸಳೆ ಎಲೆಯನ್ನು ಪುಸ್ತಕದೊಳಗಿಟ್ಟು ಮರಿ ಬರುವುದನ್ನು ಕಾದವರಿಗೆ ಇದು ಗೊತ್ತೇ ಇದೆ. ಘೋಸ್ಟ್ ಪ್ಲಾಂಟ್, ಸೆಡಮ್‌ನ ಎಲೆಯನ್ನು ಪಕ್ಕಕ್ಕೆ ಅಲ್ಲಾಡಿಸಿ ಬುಡಸಮೇತ ಬಿಡಿಸಿ. ಅರ್ಧ ಮುರಿದ ಎಲೆಯಿಂದ ಮರಿ ಬರುವುದಿಲ್ಲ. ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಮಿಶ್ರಣದ ಮೇಲೆ ಸುಮ್ನೆ ಮಲಗಿಸಿ, ಹೂಳಬೇಡಿ. ಎರಡರಿಂದ ನಾಲ್ಕು ವಾರದಲ್ಲಿ ಗುಲಾಬಿ ಬಣ್ಣದ ಬೇರು, ಅದರ ಹಿಂದೆಯೇ ಸಾಸಿವೆಯಷ್ಟು ಮರಿ ಕಾಣುತ್ತದೆ. ಬೇರು ಕಂಡ ಮೇಲೆ ಮಾತ್ರ ನೀರು ಚಿಮುಕಿಸಿ. ಹಳೆ ಎಲೆ ತಾನಾಗಿ ಒಣಗುವವರೆಗೆ ಕೀಳಬೇಡಿ, ಮರಿ ಅದನ್ನೇ ತಿನ್ನುತ್ತಿರುತ್ತದೆ.

ಜೇಡ್, ಪೋರ್ಚುಲಕಾರಿಯಾಗೆ ಮೂರು ಇಂಚಿನ ಕೊಂಬೆ. ಹಾವರ್ತಿಯಾ ತಾನೇ ಬುಡದಲ್ಲಿ ಮರಿ ಹಾಕುತ್ತದೆ, ಬೇರು ಬಂದ ಮರಿ ಬೇರ್ಪಡಿಸಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ನೆಟ್ಟರೆ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಅದನ್ನು ಗಡ್ಡೆ ಸಮೇತ ಭಾಗ ಮಾಡಬೇಕು. ಮಂಗರವಳ್ಳಿಯ ಒಂದು ಗೆಣ್ಣು ಊರಿದರೆ ಗ್ರಿಲ್ ತುಂಬಾ ಹಬ್ಬುತ್ತದೆ, ಎಳೆ ಕುಡಿ ಚಟ್ನಿಗೂ ಆಯಿತು. ಹಸಿಯಾಗಿ ತಿಂದರೆ ಬಾಯಿ ತುರಿಸುತ್ತದೆ, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು ಹಾಕಿಯೇ ರುಬ್ಬಿ.

ಎರಡು ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ಬಟ್ಟಲು ಬಿಚ್ಚಿ ಮಣ್ಣು ಬದಲಿಸಿ. ಹಳೆ ಮಣ್ಣಿನ ಇಟ್ಟಿಗೆ ಚೂರನ್ನು ಜರಡಿ ಹಿಡಿದು ತೊಳೆದು ಬಿಸಿಲಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ಉಳಿದ ಮಣ್ಣು ತುಳಸಿ, ದೊಡ್ಡಪತ್ರೆ ಕುಂಡಕ್ಕೆ ಹಾಕಿ. ತಿಗಣೆ ಬಂದಿದ್ದ ಬಟ್ಟಲಿನದ್ದಾದರೆ ಬೇರೆ ಯಾವ ಕುಂಡಕ್ಕೂ ಬೇಡ.